ನಮ್ಮ ವಠಾರದ ಅರ್ತಮ್ಮ

ಮನೆಗಳಲ್ಲಿ ಎರಡು ಬಗೆ. ಮನೆಯಾಗಬೇಕೆಂದೇ ಪಾಯ ಹಾಕಿಸಿಕೊಂಡು ಹುಟ್ಟಿದವು ಒಂದು ಬಗೆ. ಬೇರೆ ಏನೋ ಆಗಿದ್ದು, ಕಾಲ ಕೂಡಿ ಬಂದು, ಮನೆಯ ಹುದ್ದೆಗೆ ಬಡ್ತಿ ಪಡೆದವು ಇನ್ನೊಂದು ಬಗೆ. ನನ್ನ ಹಣೆಯಲ್ಲಿ ಬರೆದದ್ದು ಯಾವಾಗಲೂ ಎರಡನೆಯದೇ. ಮದುವೆಗೆ ಮುಂಚೆ ನಾನಿದ್ದ ಕೋಣೆ ಹಿಂದೊಮ್ಮೆ ಸೌದೆ ಡಿಪೋ ಆಗಿತ್ತು. ಮದುವೆಯಾದ ಮೇಲೆ ಪೀಣ್ಯದಲ್ಲಿ ಸಿಕ್ಕಿದ್ದು ದನದ ಕೊಟ್ಟಿಗೆ. ಉದ್ದನೆಯ ಕೊಟ್ಟಿಗೆಗೆ ಅಲ್ಲಲ್ಲಿ ಅಡ್ಡಗೋಡೆ ಎಬ್ಬಿಸಿ, ಸುಣ್ಣ ಬಳಿದು, ದನ ಮೇಯುತ್ತಿದ್ದ ಗೋದಲಿಯ ಮೇಲೆ ಕಡಪಾ ಕಲ್ಲು ಹಾಸಿ ಅಡುಗೆ ಕಟ್ಟೆ ಎಂದರೆ ಅದಕ್ಕೆ ಪೋರ್ಷನ್ ಎಂಬ ಹೆಸರು ಬರುತ್ತದೆ. ಹೆಸರು ಬಂದ ಮರುಕ್ಷಣ ಅಡ್ವಾನ್ಸು ಬರುತ್ತದೆ. ಅದು ಎಪ್ಪತ್ತರ ದಶಕದ ಕೊನೆ. ಸುತ್ತಲೂ ಕಾರ್ಖಾನೆಗಳು ಏಳುತ್ತಿದ್ದವು. ದನಗಳಿಗಿಂತ ಫಿಟ್ಟರು ಟರ್ನರುಗಳನ್ನು ಸಾಕುವುದೇ ಲಾಭ, ಅವರಿಗೆ ಹುಲ್ಲು ಹಾಕುವ ಕೆಲಸವೂ ಇಲ್ಲ ಎಂಬುದನ್ನು ನಮ್ಮ ಮನೆಯೊಡೆಯ ಮುನಿಶಾಮಪ್ಪನವರು ಊರಿನವರೆಲ್ಲರಿಗಿಂತ ಮೊದಲು ಕಂಡುಕೊಂಡಿದ್ದರು.

ಕೊಟ್ಟಿಗೆಗೆ ಕರೆಂಟು ಎಳೆದವನು ಮೈಕ್‌ಸೆಟ್ ಕೆಂಪಣ್ಣ. ಸುತ್ತಮುತ್ತಲ ಮದುವೆ, ಆರತಿ, ಚುನಾವಣೆಗಳಿಗೆಲ್ಲ ಮೈಕು ಮತ್ತು ಬಣ್ಣದ ಬಲ್ಬಿನ ಸರ ಅವನದೇ. ಅವನಿಗೆ ಗೊತ್ತಿದ್ದದ್ದು ನಾಳೆ ಬಿಚ್ಚಿಕೊಂಡು ಹೋಗುವ ವೈರಿಂಗು. ನಮ್ಮ ವಠಾರಕ್ಕೂ ಅದನ್ನೇ ಮಾಡಿದ್ದ, ಬಿಚ್ಚುವುದನ್ನು ಮಾತ್ರ ಮರೆತಿದ್ದ. ನಮ್ಮ ಅಡುಗೆಮನೆಯ ಸ್ವಿಚ್ ಹಾಕಿದರೆ ಪಕ್ಕದ ಪೋರ್ಷನ್ನಿನ ಬಚ್ಚಲಲ್ಲಿ ದೀಪ ಹತ್ತುತ್ತಿತ್ತು. ಪಕ್ಕದವರು ಸ್ನಾನಕ್ಕೆ ಹೋಗುವಾಗ "ಸರೋಜಕ್ಕಾ, ವಸಿ ಲೈಟ್ ಹಾಕಿ" ಎಂದು ಕೂಗುವರು; ನನ್ನ ಹೆಂಡತಿ ಸರೋಜ ಒಗ್ಗರಣೆ ಬಿಟ್ಟು ಹೋಗಿ ಹಾಕುವಳು. ನೆರೆಹೊರೆಯ ಬಾಂಧವ್ಯ ಹೀಗೆ ದಿನದಿನಕ್ಕೂ ಬಲಗೊಂಡಿತು.

ಇಷ್ಟಾದರೂ ಈ ವೈರಿಂಗಿಗೆ ಸುರಕ್ಷತಾ ಸರ್ಟಿಫಿಕೇಟ್ ಇತ್ತು ಎಂದರೆ ನೀವು ನಂಬಬೇಕು. ಪೇಟೆಯಲ್ಲಿ ಕೂತ ಒಬ್ಬ ಲೈಸೆನ್ಸುದಾರ ಕಂಟ್ರಾಕ್ಟರು ಅದಕ್ಕೆ ರುಜು ಹಾಕಿದ್ದ. ಅವನು ಪೀಣ್ಯದ ದಿಕ್ಕಿಗೆ ತಲೆ ಹಾಕಿ ಮಲಗಿದವನೂ ಅಲ್ಲ. ಆದರೆ ಪರೀಕ್ಷೆ ಮಾಡದೆ ರುಜು ಹಾಕುವ ಮನುಷ್ಯನಂತೂ ಅಲ್ಲವಂತೆ. "ಲೈಟು ಹತ್ತತ್ತಾ?" ಎಂದು ಕೇಳಿದನಂತೆ. "ಹತ್ತತ್ತೆ ಸಾರ್" ಎಂದರು ಮುನಿಶಾಮಪ್ಪ. "ಆರತ್ತಾ?" "ಆರತ್ತೆ ಸಾರ್." ಇಷ್ಟು ಕೂಲಂಕಷ ತಪಾಸಣೆಯ ನಂತರವೇ ಠಸ್ಸೆ ಬಿದ್ದದ್ದು. ಮುನಿಶಾಮಪ್ಪನವರು ಆ ಕಾಗದಕ್ಕೆ ಕಟ್ಟು ಹಾಕಿಸಿ, ತಮ್ಮ ಮನೆಯ ಪಡಸಾಲೆಯಲ್ಲಿ ತಿಮ್ಮಪ್ಪನ ಪಟದ ಪಕ್ಕದಲ್ಲೇ ತೂಗುಹಾಕಿದ್ದರು.

ನನ್ನ ಉದ್ಯೋಗವನ್ನು ಇಲ್ಲಿಯವರೆಗೂ ಹೇಳದೆ ತಪ್ಪಿಸಿಕೊಂಡೆ. ನಾನು ಹತ್ತಿರದ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಕಲ್ ಸೂಪರ್‌ವೈಸರ್. ಅಲ್ಲಿ ತಂತಿಯೊಂದು ಸಡಿಲವಾಗಿದ್ದರೆ ನಾನು ಎಗರಾಡುವುದನ್ನು ನೋಡಲು ಬೇರೆ ವಿಭಾಗದವರೂ ಬರುತ್ತಿದ್ದರು. ಅಂಥವನು ಸಂಜೆ ಮನೆಗೆ ಬಂದು, ಕೆಂಪಣ್ಣನ ಕೈಚಳಕದ ಕೆಳಗೆ ತೆಪ್ಪಗೆ ಕೂತು ಕಾಫಿ ಕುಡಿಯುತ್ತಿದ್ದೆ. ಬೇರೆ ಮನೆ ಹುಡುಕಬಹುದಿತ್ತಲ್ಲ ಎನ್ನುವಿರಿ. ಹುಡುಕಿದೆ. ಕುರಿದೊಡ್ಡಿಯಾಗಿದ್ದು ಬಡ್ತಿ ಪಡೆದ ಒಂದನ್ನು ತೋರಿಸಿದರು.

ದೀಪ ಅದಲುಬದಲಾಗುವುದನ್ನು ತಮಾಷೆಯೆಂದು ಸಹಿಸಬಹುದು. ಆದರೆ ಹಿತ್ತಲ ಬಾವಿಯ ಮೋಟಾರು ಓಡುವಾಗ ವಠಾರದ ಯಾವ ನಲ್ಲಿ ಮುಟ್ಟಿದರೂ ಜುಂ ಎಂದು ಕೈ ಹಿಡಿಯುತ್ತಿತ್ತು. ಸರೋಜ ಆಗ ಚೊಚ್ಚಲ ಬಸುರಿ. ಅವಳು ಬಿಂದಿಗೆ ಎತ್ತಿಕೊಂಡು ಬಚ್ಚಲಿಗೆ ಹೋದಳೆಂದರೆ ವಾಪಸು ಬರುವವರೆಗೂ ನಾನು ಬಾಗಿಲಲ್ಲೇ ನಿಂತಿರುತ್ತಿದ್ದೆ. ಇದನ್ನು ಹಾಸ್ಯಕ್ಕೆ ಹೇಳುತ್ತಿಲ್ಲ, ನಿಜವಾಗಿಯೂ ಭಯವಾಗುತ್ತಿತ್ತು. ಮುನಿಶಾಮಪ್ಪನವರ ಬಳಿ ಹೋಗಿ ಶಾಕು ಹೊಡೆಯುತ್ತದೆ ಎಂದರೆ ಅವರು ಗೋಡೆ ತೋರಿಸುವರು. "ಸರ್ಟಿಪಿಕೇಟ್ ಐತಲ್ಲ ಸಾರ್!" ಮತ್ತೆ ಹೇಳಿದರೆ, "ಒಸ ಕರೆಂಟು ಸಾರ್, ವಸಿ ಜೋರಿರ್ತೈತೆ. ಬರ್ತಾ ಬರ್ತಾ ಸರಿ ಓಯ್ತದೆ."

ಕೊನೆಗೆ ನನ್ನ ಕೈಹಿಡಿದದ್ದು ಅವರ ಆಸೆ. ಪೋರ್ಷನ್ನಿಗೊಂದು ಮೀಟರು ಬೇಕೆಂದು ಅವರು ಅರ್ಜಿ ಹಾಕಿದ್ದರು. ಸ್ಥಳ ನೋಡಲು ಅಧಿಕಾರಿ ಬರುವವರಿದ್ದರು. ಅರ್ತಿಂಗ್ ಇಲ್ಲದಿದ್ದರೆ ಮೀಟರಿಲ್ಲ ಎಂದು ಹೆದರಿಸಿದೆ. ಹೆದರಿದರು. ನಾನೇ ನಿಂತು ಹಿತ್ತಲಲ್ಲಿ ಗುಂಡಿ ತೋಡಿಸಿ, ಕಬ್ಬಿಣದ ಪೈಪು ಇಳಿಸಿ, ಸುತ್ತ ಇದ್ದಿಲು, ಉಪ್ಪು ತುಂಬಿಸಿ, ಸೋರಿದ ಕರೆಂಟು ನೆಲಕ್ಕಿಳಿಯಲೆಂದು ಮೋಟಾರಿನಿಂದ ಅಲ್ಲಿಗೆ ದಪ್ಪ ತಂತಿ ಎಳೆಸಿದೆ. ಮುನಿಶಾಮಪ್ಪನವರ ತಾಯಿ ಪಿಳ್ಳಮ್ಮಜ್ಜಿ ಸೊಂಟದ ಮೇಲೆ ಕೈಯಿಟ್ಟು ಎಲ್ಲವನ್ನೂ ನೋಡುತ್ತಿದ್ದರು. "ಏನಪ್ಪಾ ಇದು, ಉಪ್ಪೆಲ್ಲ ಮಣ್ಣಿಗೆ ಆಕ್ತಿದೀಯ?" ಎಂದರು. ವಿಜ್ಞಾನವನ್ನು ಜನರ ಭಾಷೆಯಲ್ಲಿ ಹೇಳಬೇಕೆಂದು ನನಗೆ ಎಲ್ಲಿಲ್ಲದ ಉತ್ಸಾಹ. "ಅಜ್ಜಿ, ಇದರ ಹೆಸರು ಅರ್ತು. ನಮ್ಮನ್ನೆಲ್ಲ ಕಾಯೋದು ಇದೇ. ದಿನಾ ಒಂದು ಬಿಂದಿಗೆ ನೀರು ಹಾಕಬೇಕು. ಒಣಗಿದರೆ ಯಾರ ಮೇಲಾದರೂ ಎರಗುತ್ತೆ" ಎಂದೆ.

ಇಷ್ಟು ಸಾಕಾಯಿತು. ಮಾರನೆಯ ಬೆಳಿಗ್ಗೆ ಪೈಪಿಗೆ ಅರಿಶಿನ ಕುಂಕುಮ ಬಿದ್ದಿತ್ತು. ಶುಕ್ರವಾರದ ಹೊತ್ತಿಗೆ ಅದರ ಬುಡದಲ್ಲಿ ರಂಗೋಲಿ, ತಲೆಯ ಮೇಲೆ ಕಣಗಿಲೆ ಹೂವು, ಮುಂದೆ ನಿಂಬೆಹಣ್ಣು. ಹೆಸರೂ ಆಯಿತು, ಅರ್ತಮ್ಮ. ವಠಾರದ ಹೆಂಗಸರೆಲ್ಲ ಸರದಿಯ ಮೇಲೆ ನೀರೆರೆದು ಪ್ರದಕ್ಷಿಣೆ ಬರತೊಡಗಿದರು. ನಾನು ಮೂಢನಂಬಿಕೆಯ ಬಗ್ಗೆ ಸರೋಜಳಿಗೆ ಉದ್ದನೆಯ ಉಪನ್ಯಾಸ ಕೊಟ್ಟೆ. ಅವಳು, "ನಿಮ್ಮ ಫ್ಯಾಕ್ಟ್ರೀಲಿ ಅರ್ತಿಗೆ ಯಾರು ನೀರು ಹಾಕ್ತಾರೆ?" ಎಂದು ಕೇಳಿದಳು. ಕಾರ್ಖಾನೆಯಲ್ಲಿ ಅದಕ್ಕೊಬ್ಬ ನೌಕರನಿದ್ದ, ಆದೇಶವಿತ್ತು, ಗುಂಡಿಗಳಿಗೆ ಬಣ್ಣವಿತ್ತು. ನೀರು ಮಾತ್ರ ಇರಲಿಲ್ಲ. ನಾನು ಉಪನ್ಯಾಸವನ್ನು ಅಲ್ಲಿಗೇ ಮುಗಿಸಿದೆ. ನಲ್ಲಿಗಳು ಜುಂ ಎನ್ನುವುದು ನಿಂತಿತ್ತು, ನನಗೆ ಅಷ್ಟೇ ಬೇಕಾಗಿತ್ತು.

ಮೀಟರಿನ ಅಧಿಕಾರಿ ಬಂದದ್ದೂ ಒಂದು ಶುಕ್ರವಾರವೇ. ಚೀಲದಿಂದ ಅಳೆಯುವ ಯಂತ್ರ ತೆಗೆದು ಪೈಪಿನ ಕಡೆ ಹೆಜ್ಜೆಯಿಟ್ಟರು. "ಬೂಟು!" ಎಂದರು ಪಿಳ್ಳಮ್ಮಜ್ಜಿ. ಅಧಿಕಾರಿ ಬೂಟು ಬಿಚ್ಚಿದರು. ಹತ್ತಿರ ಹೋದ ಮೇಲೆ ಯಂತ್ರವನ್ನು ಏನು ಮಾಡಬೇಕೆಂದು ತೋಚದೆ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಕೈಮುಗಿದರು. ಅಜ್ಜಿ ಹಣೆಗೆ ಕುಂಕುಮವಿಟ್ಟು, ತೆಂಗಿನಕಾಯಿಯ ಒಂದು ಹೋಳು ಕೊಟ್ಟರು. "ಅರ್ತಿಂಗ್ ಚೆನ್ನಾಗಿದೆ" ಎಂದು ಅವರು ಭಕ್ತಿಯಿಂದ ಬರೆದುಕೊಂಡರು. ಲೈಸೆನ್ಸುದಾರನ ಪರೀಕ್ಷೆಗಿಂತ ಇದು ಎಷ್ಟೋ ವಾಸಿ. ಇವರು ಸ್ಥಳಕ್ಕಾದರೂ ಬಂದಿದ್ದರು.

ಸ್ವಲ್ಪ ಕಾಲ ಸುಖವಾಗಿದ್ದೆವು. ಒಂದು ಬೆಳಿಗ್ಗೆ ಬಚ್ಚಲಿಂದ ಬಿಂದಿಗೆ ಉರುಳಿದ ಸದ್ದು, ಅದರ ಹಿಂದೆಯೇ ಸರೋಜಳ ಚೀತ್ಕಾರ. ಓಡಿದೆ. ಗೋಡೆಗೆ ಒರಗಿ ಬಿಳಿಚಿಕೊಂಡು ಕೂತಿದ್ದಳು. ಒಂದು ಕೈ ಹೊಟ್ಟೆಯ ಮೇಲಿತ್ತು. "ನಲ್ಲಿ... ಮತ್ತೆ" ಎಂದಳು. ಅವಳನ್ನು ಎತ್ತಿ ಮಲಗಿಸಿ, ಮಗು ಒದೆಯುವುದು ಕೈಗೆ ತಾಗುವವರೆಗೂ ನಾನು ಅಲ್ಲಾಡಲಿಲ್ಲ. ಆಮೇಲೆ ಹಿತ್ತಲಿಗೆ ನುಗ್ಗಿ ನೋಡಿದರೆ ಅರ್ತಮ್ಮ ಸರ್ವಾಲಂಕಾರಭೂಷಿತೆಯಾಗಿ ನಿಂತಿದ್ದಾಳೆ, ತಂತಿಯೇ ಇಲ್ಲ! ಅದನ್ನು ಪೈಪಿನ ಕಡೆಯ ತುದಿಯಲ್ಲಷ್ಟೇ ಬಿಚ್ಚಿ, ಸುರುಳಿ ಸುತ್ತಿ, ಮೋಟಾರಿನ ಪಕ್ಕದ ಗೂಟಕ್ಕೆ ನೇತುಹಾಕಲಾಗಿತ್ತು.

"ನಾನೇ ಬಿಚ್ಚಾಕಿಸ್ದೆ" ಎಂದರು ಪಿಳ್ಳಮ್ಮಜ್ಜಿ, ಸ್ವಲ್ಪವೂ ಅಳುಕಿಲ್ಲದೆ. "ಸುತ್ತು ಬರೋವಾಗ ಎಣ್ಮಕ್ಕಳ ಕಾಲಿಗೆ ಅಡ್ಡ ಬರ್ತಿತ್ತು. ನೀರು ಆಕಿ ಅಂದೆ ನೀನು, ಆಕ್ತಿದೀವಿ. ತಂತಿ ಸುದ್ದಿ ಏನೂ ಏಳಿಲ್ವಲ್ಲಪ್ಪ?"

ಸಿಟ್ಟಿನಲ್ಲಿ ಈಗಲೇ ಕಟ್ಟುತ್ತೇನೆ ಎಂದು ತಂತಿಗೆ ಕೈಹಾಕಿದರೆ ಅಜ್ಜಿ ಅಡ್ಡ ನಿಂತರು. "ಮೈಲಿಗೇಲಿ ಮುಟ್ಟೀಯ! ತಲೆಗೆ ನೀರು ಉಯ್ಕೊಂಡು, ಒದ್ದೆ ಪಂಚೇಲಿ ಬಾ. ಚಪ್ಲಿ ಬಿಡು." ರಬ್ಬರ್ ಚಪ್ಪಲಿ ಅಜ್ಜಿ, ಅದು ಇರಲೇಬೇಕು ಎಂದೆ. "ರಬ್ಬರ್ ಆದ್ರೂ ಚಪ್ಲಿ ಚಪ್ಲಿನೇ." ವಾದಕ್ಕೆ ಹೊತ್ತಿರಲಿಲ್ಲ. ಒಳಗೆ ಸರೋಜ ಮಲಗಿದ್ದಳು. ಸುರಕ್ಷತಾ ಶಾಸ್ತ್ರದಲ್ಲಿ ಏನೇನು ಮಾಡಬಾರದೆಂದು ಹೇಳಿದೆಯೋ ಅಷ್ಟನ್ನೂ ಕ್ರಮವಾಗಿ ಮಾಡಿದೆ. ತಲೆಯಿಂದ ಕಾಲಿನವರೆಗೆ ನೆನೆದೆ. ಬರಿಗಾಲಲ್ಲಿ ಕೆಸರಿನ ಮೇಲೆ ನಿಂತೆ. ಮೋಟಾರು ಸುಮ್ಮನಿದೆಯಲ್ಲ ಎಂದು ಫ್ಯೂಸ್ ಕೂಡ ಕೀಳಲಿಲ್ಲ. ಹೆಂಗಸರು ಸುತ್ತ ನೆರೆದರು. ತಂತಿಯ ತುದಿ ಹಿಡಿದು ಪೈಪಿನತ್ತ ಬಾಗಿದೆ. ಅಷ್ಟರಲ್ಲಿ ಅಜ್ಜಿ, "ಅಮ್ಮಂಗೆ ನೀರೆಲ್ಲಿ?" ಎಂದು ಕೂಗಿದರು. ಮುನಿಶಾಮಪ್ಪನವರು ಭಕ್ತಿಯಿಂದ ಓಡಿಹೋಗಿ ಮೋಟಾರು ಹಾಕಿದರು.

ನಾನು ಎಷ್ಟು ಎತ್ತರ ಹಾರಿದೆನೋ ಗೊತ್ತಿಲ್ಲ. ಮೈಯೆಲ್ಲ ಗಡಗಡ ನಡುಗಿ, ತಲೆಗೂದಲು ನಿಮಿರಿ, ಗಂಟಲಿಂದ ನನ್ನದಲ್ಲದ ಕೂಗೊಂದು ಹೊರಟಿತು. ತಂತಿ ಕೈಯಿಂದ ಕಿತ್ತುಹೋಗಿ ನಾನು ರಂಗೋಲಿಯ ಮೇಲೆ ಬಿದ್ದೆ. ಹೆಂಗಸರೆಲ್ಲ ಕೈಮುಗಿದಿದ್ದರು. "ಬಂದ್ಲು! ಅರ್ತಮ್ಮ ಮೈಮ್ಯಾಲೆ ಬಂದ್ಲು!" ಎಂದು ಅಜ್ಜಿ ನನ್ನ ಕೈಗೆ ನಿಂಬೆಹಣ್ಣು ತುರುಕಿದರು. "ಏನ್ ತಪ್ಪಾಯ್ತು ತಾಯಿ? ಅಪ್ಪಣೆ ಆಗ್ಲಿ!"

"ಫ್ಯೂಸ್ ಕೀಳ್ರೋ!" ಎಂದೆ ತೊದಲುತ್ತ. "ತಂತೀನ ಇನ್ಯಾವತ್ತೂ ಬಿಚ್ಚಬೇಡ್ರಿ!"

ಮುನಿಶಾಮಪ್ಪನವರು ಫ್ಯೂಸ್ ಕಿತ್ತು ಕಣ್ಣಿಗೊತ್ತಿಕೊಂಡರು. ಸಂಜೆಯೊಳಗೆ ತಂತಿ ಕೂಡಿತು. ಅದನ್ನು ನೆಲದೊಳಗೆ ಹೂತು, ಮೇಲೆ ಕಲ್ಲುಚಪ್ಪಡಿ ಹಾಸಿ, ಅರಿಶಿನದ ದಾರವನ್ನೂ ಕಟ್ಟಿದರು. ಅಂಥ ಭದ್ರವಾದ ಅರ್ತಿಂಗನ್ನು ನಾನು ಕಾರ್ಖಾನೆಯಲ್ಲೂ ಮಾಡಿಸಿರಲಿಲ್ಲ. ಸರೋಜ ಎದ್ದು ಓಡಾಡತೊಡಗಿದಳು. ಗಂಡನ ಅವತಾರವನ್ನು ನೆನೆದು ನಗುವಷ್ಟು ಚೇತರಿಸಿಕೊಂಡಳು.

ಇದೇ ಸಮಯವೆಂದುಕೊಂಡು ಮಾರನೆಯ ದಿನ ಮುನಿಶಾಮಪ್ಪನವರನ್ನು ಹಿಡಿದೆ. ಈ ಮೋಟಾರು ರಿಪೇರಿಯಾಗಬೇಕು, ಕೆಂಪಣ್ಣ ಮಾಡಿದ ವೈರಿಂಗನ್ನೆಲ್ಲ ಕಿತ್ತುಹಾಕಿ ಹೊಸದಾಗಿ ಮಾಡಿಸಬೇಕು, ಇಲ್ಲವಾದರೆ ಒಂದಲ್ಲ ಒಂದು ದಿನ ಹೆಣ ಬೀಳುತ್ತದೆ ಎಂದು, ಕಾರ್ಖಾನೆಯಲ್ಲಿ ಹೇಳುವ ಗತ್ತಿನಲ್ಲೇ ವಿವರಿಸಿದೆ. ಅವರು ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ದನಿ ತಗ್ಗಿಸಿ, ವಿನಯದಿಂದ ಕೇಳಿದರು:

"ಇದು ನೀವು ಏಳ್ತಿರೋದಾ ಸಾರ್, ಇಲ್ಲಾ ಅಮ್ಮ ಏಳ್ತಿರೋದಾ?"

ನಾನು ಒಳಗೆ ಹೋಗಿ ತಲೆಗೆ ಎರಡು ಬಿಂದಿಗೆ ನೀರು ಸುರಿದುಕೊಂಡು, ಒದ್ದೆ ಪಂಚೆಯಲ್ಲಿ ಕೈಯಲ್ಲೊಂದು ನಿಂಬೆಹಣ್ಣು ಹಿಡಿದು ಹೊರಗೆ ಬಂದೆ.