ಪೈಲ್ವಾನರು ಒಲೆ ಊದಿದ್ದು

"ಈ ಎದೇಲಿ ಉಸಿರಿಲ್ವಂತೆ! ಆ ಡಾಕ್ಟ್ರ ಮಾತನ್ನ ಇವತ್ತೇ ಸುಳ್ಳು ಮಾಡ್ದೆ ಇದ್ರೆ ನನ್ನ ಹೆಸರು ಬೀರಯ್ಯನೇ ಅಲ್ಲ!"

ಮಂಡಿ ಮೊಹಲ್ಲಾದ ಹಗ್ಗದ ವ್ಯಾಪಾರಿ ಬೀರಯ್ಯನವರು ಅಡುಗೆಮನೆಯ ಬಾಗಿಲಲ್ಲಿ ನಿಂತು ತೊಡೆ ತಟ್ಟಿದರು. ಪ್ರಾಯದಲ್ಲಿ ಗರಡಿಮನೆಯ ಮಣ್ಣಲ್ಲಿ ಹೊರಳಿದ ಮೈ. ಕುಸ್ತಿ ಬಿಟ್ಟು ಹದಿನೆಂಟು ವರ್ಷವಾಗಿತ್ತು. ಕುಸ್ತಿಯ ಊಟವನ್ನು ಮಾತ್ರ ಒಂದು ದಿನವೂ ಬಿಟ್ಟಿರಲಿಲ್ಲ! ಈಗ ಅಂಗಡಿಯ ಮೂರು ಮೆಟ್ಟಿಲು ಹತ್ತಿದರೆ ಏದುಸಿರು. "ಮೂತ್ರದಲ್ಲಿ ಸಕ್ಕರೆ ಇದೆ, ಹೊಟ್ಟೆ ಬೆಳೆದಿದೆ. ಅದು ಕೆಳಗಿಂದ ಒತ್ತಿದ್ರೆ ಶ್ವಾಸಕೋಶ ಹಿಗ್ಗೋದು ಹೇಗ್ರೀ? ಸಿಹಿ ಬಿಡಿ, ದಿನಾ ನಡೀರಿ" ಎಂದಿದ್ದರು ಡಾಕ್ಟರು. ಅಂದೇ ಹೆಂಡತಿ ಸುಂದರಮ್ಮ ಹೋಳಿಗೆ ತಟ್ಟುವುದನ್ನು ನಿಲ್ಲಿಸಿದ್ದರು.

"ಹೊಟ್ಟೆಗೂ ಉಸಿರಿಗೂ ಏನೇ ಸಂಬಂಧ? ಕೊಡು ಇಲ್ಲಿ ಊದುಕೊಳವೆ. ಮೂರೇ ಸಲ ಊದಿ ಒಲೆ ಹತ್ತಿಸ್ತೀನಿ. ಹತ್ತಿದ್ರೆ ಹೋಳಿಗೆ!"

"ಹತ್ತದಿದ್ರೆ?"

"ನೀನು ಬಡಿಸಿದ್ದು ತಿಂತೀನಿ. ಹಾಗಲಕಾಯಾದ್ರೂ ಸೈ!"

ಸುಂದರಮ್ಮ ಕೊಳವೆ ಕೊಟ್ಟು ಹಿಂದೆ ಸರಿದರು.

ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂರುವಷ್ಟರಲ್ಲೇ ಪೈಲ್ವಾನರ ಅರ್ಧ ಉಸಿರು ಖರ್ಚಾಯಿತು. ಮೊದಲ ಸಲ ಊದಿದಾಗ ಕೆಂಡ ಕಣ್ಣು ಬಿಟ್ಟಿತು. ಎರಡನೆಯ ಸಲಕ್ಕೆ ಮುಚ್ಚಿಕೊಂಡಿತು. ಮೂರನೆಯ ಸಲ ಕೆನ್ನೆ ಉಬ್ಬಿಸಿ ಊದಿದರು. ನಡುವೆಯೇ ಉಸಿರು ಮುಗಿಯಿತು. ಉಸಿರು ಎಳೆದುಕೊಳ್ಳುವ ಮುಂಚೆ ಕೊಳವೆಯಿಂದ ಬಾಯಿ ತೆಗೆಯಬೇಕೆಂದು ಹುಟ್ಟಿದಾರಭ್ಯ ಒಲೆ ಹಚ್ಚದ ಗಂಡಸಿಗೆ ಗೊತ್ತಿರುವುದಾದರೂ ಹೇಗೆ? ಒಂದೇ ಎಳೆತಕ್ಕೆ ಒಲೆಯ ಬೂದಿ ಗಂಟಲಿಗೆ ಬಂತು! ಕೆಮ್ಮುತ್ತ ಆಸರೆಗೆಂದು ಕೈಚಾಚಿ ಹಿಡಿದದ್ದು ಹಲಗೆಯ ಮೇಲಿದ್ದ ರಾಗಿಹಿಟ್ಟಿನ ಡಬ್ಬ. ಅದು ಅವರ ತಲೆಯ ಮೇಲೆಯೇ ಬೋರಲಾಯಿತು.

ಸುಂದರಮ್ಮ ಬಿದ್ದು ಬಿದ್ದು ನಕ್ಕರು. ನಗುತ್ತಲೇ ನೀರು ಕುಡಿಸಿದರು, ಬೆನ್ನು ನೀವಿದರು, ಸೆರಗಿನಿಂದ ಮುಖ ಒರೆಸಿದರು. ಒರೆಸುತ್ತ ಒರೆಸುತ್ತ ಅವರ ಕಣ್ಣು ತುಂಬಿತು.

"ನೀವೇ ಗೆದ್ಬುಡ್ಲಿ ಅಂತ ಚಾಮುಂಡಿ ತಾಯಿಗೆ ಕೈಮುಗೀತಾ ನಿಂತಿದ್ದೆ ಕಣ್ರೀ. ಡಾಕ್ಟ್ರ ಮಾತು ಸುಳ್ಳಾಗ್ಲಿ ಅಂತ. ನಿಮಗೇ ಉಸಿರಿಲ್ಲ ಅಂದ್ರೆ ನಾನು ಈ ಒಲೆ ಯಾರಿಗೋಸ್ಕರ ಊದ್ಲಿ?"

ಯಾವ ಜಟ್ಟಿಗೂ ಬಗ್ಗದಿದ್ದ ಬೀರಯ್ಯನವರು ಅಲ್ಲೇ ಚಿತ್ತಾದರು. ಹೆಂಡತಿಯ ಕೈ ಹಿಡಿದುಕೊಂಡರು.

"ಅಳಬ್ಯಾಡ ಕಣೇ, ಸೋತೆ. ನಾಳೆಯಿಂದ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಕಡೆ ನಡೆಯೋಣ, ನೀನೂ ಬಾ. ಇವತ್ತು ಹಾಗಲಕಾಯಿ ಗೊಜ್ಜೇ ಮಾಡು." ಆಮೇಲೆ ಮೆಲ್ಲಗೆ ಕೇಳಿದರು: "ಚೂರು ಬೆಲ್ಲ ಹಾಕ್ತೀಯ, ಅಲ್ವಾ?"

ಸುಂದರಮ್ಮ ಒಂದೇ ಸಲ ಊದಿ ಒಲೆ ಹತ್ತಿಸಿದರು.

"ಬೆಲ್ಲ ಇಲ್ಲ. ಉಸಿರು ಬಿಗಿಹಿಡ್ಕೊಂಡು ನುಂಗ್ಬುಡಿ. ಅಷ್ಟು ಉಸಿರಾದ್ರೂ ಇದ್ಯಲ್ಲ!"