ಮೂರನೇ ಸಹಿ

"ನಾನು ಸಹಿ ಹಾಕಲ್ಲ! 'ಕಾಲ್ ಆಫ್' ಅಂತ ಬರೆದು ನಮ್ಮೆಲ್ಲರ ಅನ್ನಕ್ಕೆ ಕಲ್ಲು ಹಾಕ್ತೀಯೇನೋ?"

ಲೆಕ್ಕದ ಅಕ್ಕ ಕಾಗದವನ್ನು ಮೇಜಿನ ಮೇಲೆ ಕುಕ್ಕಿದಳು. ಗುಮಾಸ್ತನ ಕಿವಿ ಕೆಂಪಾಯಿತು.

"ಮತ್ತೇನು ಬರೀಲಿ ಅಕ್ಕಾ?"

"'ಪುಟ್ ಆಫ್' ಅಂತ ಬರಿ."

"ಅದು ದೀಪ ಆರಿಸೋದಕ್ಕೆ ಕಣಮ್ಮ! ನನಗೇ ಇಂಗ್ಲಿಷ್ ಕಲಿಸ್ತೀಯಾ?" ಎಂದು ಉಗ್ರಾಣದ ಮಾವ ಗುಡುಗಿದ.

ಬೀಗದ ಕಾರ್ಖಾನೆಯ ದೊಡ್ಡ ಯಂತ್ರ ಕೆಟ್ಟು ಕೂತಿತ್ತು. ಅದನ್ನು ನೋಡಲು ದೂರದೂರಿನ ಹೊಸ ಗಿರಾಕಿ ನಾಲ್ಕು ಗಂಟೆಗೆ ಬರುವವನಿದ್ದ. ಅವನು ಇಲ್ಲಿಗೆ ಬಂದು ಮುಟ್ಟುವ ಮೊದಲೇ, ಭೇಟಿ ಮುಂದಿನ ವಾರಕ್ಕೆ ಹೋಗಿದೆ ಎಂಬ ಕಾಗದ ಅವನಿಗೆ ಮುಟ್ಟಬೇಕು. ಹೋದ ತಿಂಗಳು ಗುಮಾಸ್ತ 'ಲುಕಿಂಗ್ ಆಫ್ಟರ್' ಎನ್ನುವಲ್ಲಿ 'ಲುಕಿಂಗ್ ಫಾರ್' ಎಂದು ಬರೆದು, ಭದ್ರವಾಗಿದ್ದ ಸರಕನ್ನು ಹುಡುಕುತ್ತಿದ್ದೇವೆಂದು ತಿಳಿಸಿ ಒಬ್ಬ ಗಿರಾಕಿಯನ್ನೇ ಓಡಿಸಿದ್ದ. ಅಂದಿನಿಂದ ಮ್ಯಾನೇಜರರ ಕಟ್ಟಪ್ಪಣೆ: ಇಂಗ್ಲಿಷ್ ಕಾಗದಕ್ಕೆ ಮೂವರ ಸಹಿ ಬೀಳಬೇಕು. ಇನ್ನೊಂದು ತಪ್ಪಾದರೆ ಗುಮಾಸ್ತ ಮನೆಗೆ.

ಮೂರೂಕಾಲಾಯಿತು. ಮೂರನೇ ಸಹಿಯ ಮೇಸ್ತ್ರಿ ರಜೆ ಹಾಕಿದ್ದ. ಪೆಟ್ಟಿಗೆಯಲ್ಲಿ ಸಿಕ್ಕ ಇಲಿಯಂತೆ ಗುಮಾಸ್ತ ಮೇಜಿನಿಂದ ಮೇಜಿಗೆ ಓಡಿದ. ಬಾಗಿಲ ಬಳಿಯ ಬೆಂಚಿನಲ್ಲಿ ಕನ್ನಡಕದವರೊಬ್ಬರು ಇಂಗ್ಲಿಷ್ ಪೇಪರ್ ಓದುತ್ತಾ ಕೂತಿದ್ದರು. ದೇವರೇ ಕಂಡಂತಾಯಿತು.

"ಸಾರ್, ಇದೊಂದು ನೋಡಿ ಹೇಳ್ತೀರಾ?"

"'ಕಾಲ್ ಆಫ್' ಅಂದ್ರೆ ಪೂರ್ತಿ ರದ್ದು. ದೀಪ ಆರಿಸೋದು 'ಪುಟ್ ಔಟ್'. ಮುಂದಕ್ಕೆ ಹಾಕೋದು 'ಪುಟ್ ಆಫ್'. ಅಮ್ಮ ಹೇಳಿದ್ದೇ ಸರಿ," ಎಂದರು ಅವರು.

ಗುಮಾಸ್ತ ಹಾಗೇ ತಿದ್ದಿ ಬರೆದ. ಅಕ್ಕ ಮೂಗು ಮೇಲೆತ್ತಿ ಸಹಿ ಹಾಕಿದಳು. ಮಾವ ಗೊಣಗುತ್ತಾ ಗೀಚಿದ.

"ಮೂರನೇದು ನೀವೇ ಹಾಕಿಬಿಡಿ ಸಾರ್, ಕೈ ಮುಗಿತೀನಿ."

"ಹಾಕೋಣ. ಆದ್ರೆ ಕರೆಂಟಿಲ್ಲ ಅಂತ ಬರೆದಿದೀರಿ, ಫ್ಯಾನು ತಿರುಗ್ತಾ ಇದೆ?"

ಗುಮಾಸ್ತನಿಗೆ ನಗು ಬಂತು. "ಅಯ್ಯೋ, ಅದು ಸುಳ್ಳು ಸಾರ್! ಯಂತ್ರ ಕೆಟ್ಟು ತಿಂಗಳಾಯ್ತು. ಬೇರೆಯವರ ಬೀಗಕ್ಕೆ ನಮ್ಮ ಮುದ್ರೆ ಒತ್ತಿ ಕಳಿಸ್ತಾ ಇದೀವಿ."

ಅವರು ನಿಧಾನವಾಗಿ ಸಹಿ ಹಾಕಿಕೊಟ್ಟರು. ಗುಮಾಸ್ತ ಕಾಗದದ ಫೋಟೋ ತೆಗೆದು ಗಿರಾಕಿಯ ನಂಬರಿಗೆ ಕಳಿಸಿದ.

ಕನ್ನಡಕದವರ ಜೇಬು 'ಟಿಣ್' ಎಂದಿತು.

ಅವರು ಫೋನು ತೆಗೆದು ಓದಿದರು. "ಮುಟ್ಟಿತು. ಒಂದಕ್ಷರವೂ ತಪ್ಪಿಲ್ಲ," ಎಂದು ಪೇಪರ್ ಮಡಚಿ, ಕಾದು ನಿಂತಿದ್ದ ಕಾರು ಹತ್ತಿದರು.

ಮ್ಯಾನೇಜರರು ಒಳಗಿನಿಂದ ಬಂದರು. "ಏನಯ್ಯಾ, ಕಾಗದ ಮುಟ್ಟಿತಾ?"

ಗುಮಾಸ್ತ ಊಟದ ಡಬ್ಬಿ, ಕೊಡೆ ಎತ್ತಿಕೊಂಡ. "ಮುಟ್ಟಿತು ಸಾರ್. ಒಂದೂ ತಪ್ಪಿಲ್ವಂತೆ."

"ಭೇಷ್! ಇನ್ನು ನಿನ್ನ ಕೆಲಸ ಗಟ್ಟಿ ಕಣಯ್ಯಾ!" ಎಂದು ಅವರು ಬೆನ್ನು ತಟ್ಟಲು ಕೈ ಎತ್ತುವಷ್ಟರಲ್ಲಿ ಗುಮಾಸ್ತ ಗೇಟು ದಾಟಿದ್ದ. ಮತ್ತೆ ಅವನು ಆ ಕಡೆ ತಲೆ ಹಾಕಲಿಲ್ಲ.