ಅರುಣೋದಯ ಷಟಲ್ ಕ್ಲಬ್ಬಿನ ಸಮಮತ ಸಂಗ್ರಾಮ

ಮೇಲೇರಿದ್ದನ್ನೆಲ್ಲ ಪಕ್ಷಪಾತವಿಲ್ಲದೆ ಕೆಳಗಿಳಿಸುವ ಎಲೈ ಗುರುತ್ವದೇವಿಯೇ, ಈ ಬಡ ಕಥಕನ ನಾಲಗೆಯ ಮೇಲೆ ಆದಷ್ಟು ಹಗುರವಾಗಿ ಬಂದು ಕುಳಿತುಕೋ! ಗೇಟುಗೇಟಿಗೂ ಹಾಲಿನ ಪ್ಯಾಕೆಟ್ಟುಗಳು ತೋರಣವಾಗಿ ತೂಗುವ ಪುಣ್ಯಮುಹೂರ್ತದಲ್ಲಿ, ದಾವಣಗೆರೆಯ ಅರುಣೋದಯ ಷಟಲ್ ಕ್ಲಬ್ಬೆಂಬ ರಣಾಂಗಣದಲ್ಲಿ, ಕಾರ್ಯದರ್ಶಿಪೀಠಕ್ಕಾಗಿ ನಡೆದ ಘೋರಸಮರವನ್ನು ಹಾಡುತ್ತೇನೆ.

ಒಂದು ಪಕ್ಷದಲ್ಲಿ ಜಾನುಪಟ್ಟಿಕಾಬಂಧಿತ, ಪ್ರಚಂಡಸ್ಮ್ಯಾಶಧುರಂಧರ, ನಿವೃತ್ತ ತಹಸೀಲ್ದಾರ ತಿಪ್ಪೇರುದ್ರಪ್ಪ. ಇನ್ನೊಂದರಲ್ಲಿ ಗಿರಿಸದೃಶನಿಶ್ಚಲ, ಸ್ವೇದಬಿಂದುವಿರಹಿತ, ಬಟ್ಟೆ ಅಂಗಡಿಯ ಹಾಲೇಶಪ್ಪ. ಇವರು ಶತ್ರುಗಳಲ್ಲ, ಸಂಬಂಧ ಅದಕ್ಕಿಂತ ಕಠಿಣವಾದದ್ದು. ಏಳು ವರ್ಷಗಳಿಂದ ಡಬಲ್ಸ್ ಜೊತೆಗಾರರು. ದಿನದ ಜೋಡಿಗಳನ್ನು ಬೋರ್ಡಿನ ಮೇಲೆ ಬರೆಯುವ ಪರಮಾಧಿಕಾರ ಕಾರ್ಯದರ್ಶಿಯದು. ಇಬ್ಬರಿಗೂ ಸಾಮ್ರಾಜ್ಯ ಬೇಕಿರಲಿಲ್ಲ, ಒಬ್ಬರಿಂದ ಒಬ್ಬರಿಗೆ ಬಿಡುಗಡೆ ಬೇಕಿತ್ತು.

"ಕೇಳ್ರಪ್ಪ ಮತದಾರರೇ!" ಎಂದು ತಹಸೀಲ್ದಾರರು ಗುಡುಗಿದರು. "ನನ್ ಸ್ಮ್ಯಾಶಿಗೆ ಭೂಮಿ ನಡುಗುತ್ತೆ!"

"ಭೂಮಿ ಅಲ್ರೀ, ನನ್ ಬೆನ್ನು! ದಿನಾ ಅಲ್ಲೇ ಬೀಳೋದು ನಿಮ್ ಸ್ಮ್ಯಾಶು."

"ನೀವು ಅಡ್ಡ ನಿಂತಿರ್ತೀರಲ್ರೀ! ಇದು ಆಟ ಸ್ವಾಮಿ, ಗಲ್ಲಾ ಮುಂದೆ ಕೂತಂಗಲ್ಲ."

ಮತಗಳು ಬಿದ್ದವು. ಒಂಬತ್ತು, ಒಂಬತ್ತು. ಮತ್ತೆ ಎಣಿಸಿದರೂ ಸಂಖ್ಯೆಗಳು ತಮ್ಮ ಸ್ವಭಾವಕ್ಕೆ ತಕ್ಕಂತೆ ಕದಲಲಿಲ್ಲ. ಆಗ ಚುನಾವಣಾಧಿಕಾರಿಣಿ, ಭೌತಶಾಸ್ತ್ರದ ಉಪನ್ಯಾಸಕಿ ಶಕುಂತಲಾ ಮೇಡಂ ಎದ್ದು ನಿಂತರು. "ಮೊದಲ ಸರ್ವೀಸ್ ಯಾರ್ದು ಅಂತ ಹೆಂಗೆ ತೀರ್ಮಾನ ಮಾಡ್ತೀವೋ, ಇದನ್ನೂ ಹಂಗೇ ಮಾಡಾಣ. ಷಟಲ್ ಹಾರಿಸ್ತೀನಿ. ಕಾರ್ಕು ಯಾರ ಕಡೆ ತೋರ್ಸುತ್ತೋ ಅವರೇ ಕಾರ್ಯದರ್ಶಿ."

ಷೋಡಶಗರಿಧಾರಿಣಿಯಾದ ಆ ಶ್ವೇತವಿಹಂಗ ಗಗನಕ್ಕೇರಿತು. ಏರಿ, ಟ್ಯೂಬ್‌ಲೈಟಿನ ಮೇಲೆ ಕುಳಿತುಬಿಟ್ಟಿತು.

ಸ್ಟೂಲು ಬಂತು. ತಿಪ್ಪೇರುದ್ರಪ್ಪ ರಾಕೆಟ್ ಹಿಡಿದು ಹತ್ತಿದರು. ಸ್ಟೂಲಿನ ಕಾಲು ಹಿಡಿಯುವ ಭಾಗ್ಯ ಹಾಲೇಶಪ್ಪನವರ ಪಾಲಿಗೆ ಬಂತು.

"ಗಟ್ಟಿಯಾಗಿ ಹಿಡ್ಕೊಳ್ರೀ!"

"ಹಿಡ್ಕೊಂಡೀನಿ. ಬಿಡೋ ಆಸೆ ಭಾಳ ಆಗ್ತಾ ಐತಿ, ಬೇಗ ಇಳೀರಿ!"

ಗುರುತ್ವದೇವಿ ಕಣ್ತೆರೆದಳು. ಷಟಲ್ ಬಿತ್ತು, ಸ್ಟೂಲಿನಿಂದ ಇಳಿದವರಿಗೂ ಅದನ್ನು ಹಿಡಿದವರಿಗೂ ನಡುವೆ ಅರ್ಧ ಸುತ್ತು ಉರುಳಿತು, ನಿಂತಿತು. ಕಾರ್ಕಿನ ಮುಖ ತಿಪ್ಪೇರುದ್ರಪ್ಪನವರ ಕಡೆಗಿತ್ತು! ಜಯಘೋಷಕ್ಕೆ ಪಕ್ಕದ ಮನೆಯ ನಾಯಿ ಕೂಡ ದನಿಗೂಡಿಸಿತು.

ವಿಜೇತರು ಸೀಮೆಸುಣ್ಣವನ್ನು ರಾಜದಂಡದಂತೆ ಎತ್ತಿ, ಬೋರ್ಡಿನಿಂದ ತಮ್ಮಿಬ್ಬರ ಹೆಸರನ್ನು ಒರೆಸಿಹಾಕಿ, ಸಭೆಯತ್ತ ತಿರುಗಿದರು. "ಹಾಲೇಶಪ್ಪನವರ ಜೊತೆ ಯಾರು ಆಡ್ತೀರಿ?"

ಒಬ್ಬರು ಲೇಸೇ ಇಲ್ಲದ ಬೂಟಿಗೆ ಲೇಸು ಕಟ್ಟತೊಡಗಿದರು.

"ಹೋಗ್ಲಿ, ನನ್ ಜೊತೆ ಯಾರು?"

ಈ ಸಲ ಉಳಿದವರೂ ತಂತಮ್ಮ ಬೂಟಿನತ್ತ ಬಗ್ಗಿದರು. ಶಕುಂತಲಾ ಮೇಡಂಗೆ ಇದ್ದಕ್ಕಿದ್ದಂತೆ ಕಾಲೇಜಿಗೆ ಹೊತ್ತಾದದ್ದು ನೆನಪಾಯಿತು.

ಕಾರ್ಯದರ್ಶಿಗಳು ಬಹಳ ಹೊತ್ತು ಬೋರ್ಡನ್ನೇ ನೋಡಿದರು. ಆಮೇಲೆ ಒಂದು ಹೆಸರು ಬರೆದರು. ಅದರ ಪಕ್ಕದಲ್ಲಿ ಇನ್ನೊಂದು.

"ಬರ್ರಿ ಹಾಲೇಶಪ್ಪ."

ಎದುರಾಳಿಯ ಸರ್ವೀಸ್ ಎತ್ತರಕ್ಕೆ ಹಾರಿ, ಅವರಿಬ್ಬರ ನಟ್ಟನಡುವೆ ನಿಧಾನವಾಗಿ ಇಳಿಯತೊಡಗಿತು.

"ನಿಮ್ದು!" ಎಂದರು ತಿಪ್ಪೇರುದ್ರಪ್ಪ.

"ನಿಮ್ದು!" ಎಂದರು ಹಾಲೇಶಪ್ಪ.

ಟಪ್.